ಅಪ್ಪಯ್ಯನ ಹಳೇ ಇಂಗ್ಲಿಷ್

ಶಿರಸಿ,
೧೫ ನವೆಂಬರ್ ೧೯೯೯

ಪ್ರೀತಿಯ ನಾಗಪತಿ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಗೆ ಕಾರವಾರದ ಸೆಕೆ ಈಗಲಾದರೂ ಒಗ್ಗಿತೋ ಇಲ್ಲವೋ? ಅತ್ತಿಗೆ ಎಂದು ಬರೆದರೆ ಇಲ್ಲೀಗ ನನ್ನನ್ನು ಬೈಯುವವರಿಲ್ಲ. ಬೈಯುವವರ ಬಾಯಿಗೆ ಏನಾಗಿದೆ ಎಂದು ಹೇಳುವುದಕ್ಕೇ ಕುಳಿತಿದ್ದೇನೆ.

ದಸರೆ ಮುಗಿಯುತ್ತಿದ್ದಂತೆ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಗಾಬರಿಯಾಗಬೇಡ, ಜೀವಕ್ಕೆ ಅಪಾಯವಿಲ್ಲ. ಸಿದ್ದಾಪುರದಿಂದ ನಮ್ಮ ಮನೆಗೇ ಕರೆತಂದಿದ್ದೇವೆ. ಆದರೆ ಅವನ ಕನ್ನಡ ಹೋಗಿಬಿಟ್ಟಿದೆ, ಅಣ್ಣಾ. ನಾವು ಆಡಿದ್ದು ತಿಳಿಯುತ್ತದೆ. ತಿರುಗಿ ಆಡಲು ಬಾಯಿಗೆ ಬರುವುದು ಇಂಗ್ಲಿಷ್ ಮಾತ್ರ. ಅಪರೂಪಕ್ಕೆ ಹೀಗೂ ಆಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಅದಾದರೂ ಎಂಥ ಇಂಗ್ಲಿಷ್ ಅಂತೀಯಾ, ಮುಂಬೈ ಸರಕಾರದ ಕಾಲದ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಪದ್ಯಗಳದ್ದು. ಇವರು ಅಂಗಡಿಗೆ ಹೊರಟರೆ ‘ವಿದರ್ ಗೋಯೆಸ್ಟ್ ದೌ’ ಎಂದು ಗಂಭೀರವಾಗಿ ಕೇಳುತ್ತಾನೆ. ಇವರು ಪಾಪ, ಏನೋ ತಪ್ಪಾಯಿತೆಂದು ಚಪ್ಪಲಿ ಬಿಟ್ಟು ಒಳಗೇ ಬಂದುಬಿಡುತ್ತಾರೆ.

ನೀನು ಎತ್ತಿ ಆಡಿಸಿದ ನನ್ನ ಅಭಿಜ್ಞಾ ಈಗ ಪಿಯುಸಿ. ದಪ್ಪ ಡಿಕ್ಷನರಿ ಹಿಡಿದು ಅಜ್ಜನ ಎದುರು ಕೂರುತ್ತಾಳೆ. ‘ವಿದರ್’ ಎಂದರೆ ಎಲ್ಲಿಗೆ, ಈಗಿನವರು ‘ವೇರ್’ ಎನ್ನುತ್ತಾರಂತೆ. ‘ಆನಾನ್’ ಎಂದರೆ ಬೇಗ, ಈಗ ‘ಸೂನ್’. ಇವಳು ತಿದ್ದುತ್ತಾಳೆ, ಅಪ್ಪಯ್ಯ ತಿದ್ದಿಸಿಕೊಳ್ಳುತ್ತಾನೆ. ನಂಬುತ್ತೀಯಾ? ಎಲೆಯಲ್ಲಿ ಉಪ್ಪು ಬಡಿಸುವ ಜಾಗ ತಪ್ಪಿದರೂ ಮನೆ ಹಾರಿಹೋಗುವಂತೆ ಕೂಗುತ್ತಿದ್ದವನು. ನೀವಿಬ್ಬರು ರಿಜಿಸ್ಟರ್ ಮದುವೆಯಾಗಿ ಬಂದು ಕಾಲಿಗೆರಗಿ ಹೊರಟಾಗ ‘ಹೋಗಿ ಬಾ’ ಎನ್ನದೆ ಬರೀ ‘ಹೋಗು’ ಅಂದವನು. ಹೊರಟವರಿಗೆ ಹಾಗೆನ್ನಬಾರದು ಎಂದು ನಮಗೆ ಕಲಿಸಿದವನೂ ಅವನೇ. ಆ ಒಂದು ಮಾತಿಗೆ ನೀನು ಇಷ್ಟು ವರ್ಷ ಇತ್ತ ತಲೆ ಹಾಕಲಿಲ್ಲ. ನಿನ್ನದು ತಪ್ಪೆಂದು ನಾನು ಹೇಳಲಾರೆ. ಅಂಥ ಅಪ್ಪಯ್ಯ ಮೊಮ್ಮಗಳ ಬಾಯನ್ನೇ ನೋಡುತ್ತ, ತಾನು ಪ್ರಾಯದಲ್ಲಿ ಕಲಿತದ್ದನ್ನು ಒಂದೊಂದಾಗಿ ಬಿಟ್ಟು ಹೊಸದು ಕಲಿಯುವುದನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗದೆ ಬಾಗಿಲಲ್ಲೇ ನಿಂತಿರುತ್ತೇನೆ. ಮನುಷ್ಯನ ಒಳಗೆ ಏನೇನು ಇರುತ್ತದೋ, ಯಾವುದು ಹೋಗಿ ಯಾವುದು ಉಳಿಯುತ್ತದೋ, ಬಲ್ಲವರಾರು.

ಉಳಿದಂತೆ ಎಲ್ಲರೂ ಆರಾಮ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ನಾನಿನ್ನೂ ಕಣ್ಣಲ್ಲಿ ಕಾಣದ ಮಕ್ಕಳಿಗೆ ಅತ್ತೆಯ ಮುತ್ತು.

ನಿನ್ನ ತಂಗಿ,
ಪರಿಮಳಾ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಅಪ್ಪಯ್ಯ ದಿನಾ ಬಾಗಿಲ ಕಡೆ ನೋಡುತ್ತ ‘ನಾಗಪತಿ, ಪ್ರಿದೀ, ಕಮ್’ ಎನ್ನುತ್ತಿದ್ದ. ನಿನ್ನೆ ಅಭಿಜ್ಞಾ ಅವನ ಕೈ ಹಿಡಿದು ಹೇಳಿದಳು: “ಅಜ್ಜ, ಈಗ ಯಾರೂ ‘ಪ್ರಿದೀ’ ಹೇಳ್ತ್ವಿಲ್ಲೆ. ಮಾವಂಗೆ ಅರ್ಥ ಆಗ್ತಿಲ್ಲೆ. ‘ಪ್ಲೀಸ್’ ಹೇಳು.” ಜನ್ಮದಲ್ಲಿ ಯಾರಲ್ಲೂ ದಯವಿಟ್ಟು ಎಂದು ಕೇಳದವನು ಸೊಟ್ಟಗಾದ ಬಾಯಲ್ಲಿ ಬೆಳಗಿನಿಂದ ಅದನ್ನೇ ಅಭ್ಯಾಸ ಮಾಡುತ್ತಿದ್ದಾನೆ. ಅತ್ತಿಗೆಯನ್ನೂ ಕರೆದುಕೊಂಡು ಬಾ, ಅಣ್ಣಾ. ಅವನಿಗೆ ಅದು ಸರಿಯಾಗಿ ಹೇಳಲು ಬರುವವರೆಗೆ ಕಾಯಬೇಡ.