ಗಂಡನ ಹೆಸರು ಹೇಳದ ರೋಗ

ಅದನ್ನೇ ನಿನ್ನೆ ನಿಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ, ಮನೋರೋಗ ವಿಭಾಗದ ಮುಖ್ಯಸ್ಥರೇ, ಅಷ್ಟರಲ್ಲಿ ನೀವು ಊಟಕ್ಕೆ ಎದ್ದಿರಿ. ನಮ್ಮ ಅಕ್ಕ ರಾಚವ್ವನಿಗೆ ಮರೆವೂ ಇಲ್ಲ, ಹುಚ್ಚೂ ಇಲ್ಲ. ಆದರೂ ಸೋಮವಾರ ಆಕೆಯನ್ನು ಬೇರೆ ಜಿಲ್ಲೆಯ ದೀರ್ಘಕಾಲದ ವಾರ್ಡಿಗೆ ಸಾಗಿಸುತ್ತೀರಂತೆ. ಉಳಿದ ಮಾತನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಊಟ ಮುಗಿದಿದ್ದರೆ ನೀವೂ ಓದಿ.

ಅಕ್ಕನಿಗೆ ಕಾಯಿಲೆಯೇ ಇರಲಿಲ್ಲವೆಂಬ ಮೊಂಡುವಾದ ನನ್ನದಲ್ಲ. ಉಣ್ಣುವುದನ್ನು ಬಿಟ್ಟಿದ್ದಳು. ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿ, "ನಾ ಯಾರಿಗೂ ಬ್ಯಾಡಾಗೇನಿ" ಎನ್ನುತ್ತಿದ್ದಳು. ಸವದತ್ತಿಯ ದೇವಿಗೆ ಹರಕೆ ಹೊತ್ತವರೂ ನಾವೇ, ನಿಮ್ಮಲ್ಲಿಗೆ ಕರೆತಂದವರೂ ನಾವೇ. ಗುಣವಾದದ್ದು ಹಣೆಗೆ ಹಚ್ಚಿದ ದೇವಿಯ ಭಂಡಾರದಿಂದಲೋ ಗುಳಿಗೆಯಿಂದಲೋ? ಗುಳಿಗೆಯಿಂದಲೇ, ಒಪ್ಪಿದೆ, ದೇವಿ ಬೇಜಾರು ಮಾಡಿಕೊಳ್ಳುವುದಿಲ್ಲ. ಈಗ ಪಲ್ಯಕ್ಕೆ ಉಪ್ಪು ಸಾಲದೆಂದು ಅಡುಗೆಯವರೊಡನೆ ದಿನಾ ಜಗಳ ತೆಗೆಯುತ್ತಾಳೆ. ನಮ್ಮ ಮನೆತನದಲ್ಲಿ ಆರೋಗ್ಯಕ್ಕೆ ಇದಕ್ಕಿಂತ ದೊಡ್ಡ ಲಕ್ಷಣವಿಲ್ಲ.

ಮನೆಗೆ ಕಳಿಸುವ ಮುನ್ನ ಪರೀಕ್ಷೆ ಮಾಡಲು ನಿಮ್ಮ ಕಿರಿಯ ಡಾಕ್ಟರರು ಬಂದರು. ದೂರದ ಊರಿನವರು, ಸಭ್ಯರು. ಊರು ಯಾವುದೆಂದು ಕೇಳಿದರು, ದೊಡವಾಡ ಎಂದಳು. ವಾರ ಕೇಳಿದರು, ಹೇಳಿದಳು. ಪಕ್ಕದಲ್ಲಿ ನಿಂತಿದ್ದ ಆಕೆಯ ಗಂಡ, ನಮ್ಮ ಬಸಯ್ಯ ಮಾವನನ್ನು ತೋರಿಸಿ, "ಇವರು ಯಾರಮ್ಮ?" ಎಂದರು.

"ನಮ್ಮ ಮನ್ಯಾರು."

"ಹೆಸರು?"

ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕು ಆ ಕಡೆ ತಿರುಗಿದಳು. ಮತ್ತೆ ಕೇಳಿದರು, ಮತ್ತೆ ನಕ್ಕಳು. ಪಕ್ಕದ ಹಾಸಿಗೆಯ ಶಟ್ಟೆವ್ವನಿಗೆ ತಡೆಯಲಾಗಲಿಲ್ಲ. "ಹಂಗ ಕೇಳಬಾರ್ದ್ರೀ ಸಾಹೇಬ್ರ! ಹೆಸರ ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ."

ಡಾಕ್ಟರರು ಅಕ್ಕನ ಕೇಸ್‌ಪೇಪರಿನಲ್ಲಿ "ಗಂಡನ ಗುರುತಿಲ್ಲ" ಎಂದು ಬರೆದರು. ಶಟ್ಟೆವ್ವನದರಲ್ಲೂ ಏನೋ ಗೀಚಿದರು.

ಸೈಲೆನ್ಸ್ ಈಸ್ ಗೋಲ್ಡನ್ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಸಿಲ್ವರ್ ಇದ್ದರೂ ಇರಬಹುದು. ನಿಮ್ಮ ವಾರ್ಡಿನಲ್ಲಿ ಅದು ರೋಗ. ಹಾಗಾದರೆ ಮಾತಾಡಿದರೆ?

ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಮಾವನೇ ಗೋಗರೆದ: "ಹೇಳಿಬಿಡ, ಮನಿಗಿ ಹೋಗೂಣು." ಅಕ್ಕ ಎದ್ದು ಕೂತಳು, ಸೆರಗು ಸರಿಮಾಡಿಕೊಂಡಳು. ಮದುವೆಯಲ್ಲಿ ಗಂಡನ ಹೆಸರು ಹೇಳಲು ನಮ್ಮ ಹೆಣ್ಣುಮಕ್ಕಳಿಗೆ ಇರುವುದು ಒಂದೇ ದಾರಿ, ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸುವ ಒಡಪು. ಅದನ್ನೇ ಕಟ್ಟಿದಳು:

"ಯರಗಟ್ಟಿ ಸಂತ್ಯಾಗ ಮಾರತಾರ ಮಲ್ಲಿಗಿ ಮಾಲಿ,
ಬಸಯ್ಯನವರ ಹೆಸರ ಹೇಳೇನಿ, ಮಾಡ್ರಿ ನನ್ನ ಹಾಸಿಗಿ ಖಾಲಿ!"

ವಾರ್ಡಿನ ಹೆಂಗಸರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಮಾವ ಕಣ್ಣೊರೆಸಿಕೊಂಡು, "ಲಗ್ನದಾಗ ಒಮ್ಮೆ ಅಂದಿದ್ಲು ನೋಡ ತಮ್ಮಾ, ಮತ್ತ ಇವತ್ತ" ಎಂದ. ಡಾಕ್ಟರರು ಬರೆದದ್ದೇನು? "ಪ್ರಾಸಬದ್ಧ ಅಸಂಬದ್ಧ ಮಾತು. ಕಾರಣವಿಲ್ಲದ ನಗು." ಅದರ ಕೆಳಗೆ ನಿಮ್ಮ ಸಹಿ.

ಮಾನ್ಯರೇ, ಹೇಳದಿದ್ದರೆ ಮರೆವು, ಹೇಳಿದರೆ ಹುಚ್ಚು. ಈ ಲೆಕ್ಕಕ್ಕೆ ಬೈಲಹೊಂಗಲದಿಂದ ರಾಮದುರ್ಗದವರೆಗಿನ ಮುದುಕಿಯರನ್ನೆಲ್ಲ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹೇರಿ ತರಬೇಕಾದೀತು. ಹಾಸಿಗೆಗಳಿವೆಯೇ? ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ತಾಯಿಯವರು ನಿಮ್ಮ ತಂದೆಯವರನ್ನು ಹೆಸರು ಹಿಡಿದು ಕರೆದದ್ದನ್ನು ಕೇಳಿದ್ದೀರಾ? ಎಗ್ಸಾಮಿನರ್ ಆಲ್ಸೋ ಶುಡ್ ಬಿ ಎಗ್ಸಾಮಿನ್ಡ್ ಎಂದು ನಮ್ಮ ಇಂಗ್ಲಿಷ್ ಮಾಸ್ತರರು ಹೇಳುತ್ತಿದ್ದರು. ಅಥವಾ ನಾನೇ ಈಗ ಹುಟ್ಟಿಸಿದೆನೋ.

ನನ್ನ ಹೆಂಡತಿ ಅನ್ನಪೂರ್ಣಾ ನನ್ನ ಹೆಸರು ಹಿಡಿಯದೆ ಇಡೀ ಸಂಸಾರವನ್ನು "ಕೇಳಿದ್ರೇನು" ಎಂಬ ಒಂದೇ ಮಾತಿನಲ್ಲಿ ನಡೆಸಿ ಹೋದಳು. ಈಗಲೂ ಸಂತೆಯಲ್ಲಿ ಯಾರದೋ ಹೆಂಡತಿ ಹಾಗೆಂದರೆ ನಾನು "ಓ" ಎನ್ನುತ್ತೇನೆ. ಇದನ್ನು ನಿಮ್ಮ ಡಾಕ್ಟರರ ಕಿವಿಗೆ ಹಾಕಬೇಡಿ.

ನನ್ನ ಬೇಡಿಕೆ ಇಷ್ಟೇ: ಸೋಮವಾರಕ್ಕೆ ಮೊದಲು ನೀವೇ ಬಂದು ಅಕ್ಕನ ಎದುರು ಕೂತುಕೊಳ್ಳಿ. ಈ ಕಡೆಯ ನರ್ಸಮ್ಮ ಒಬ್ಬರು ಜೊತೆಗಿರಲಿ. ಮಕ್ಕಳ ಹೆಸರು ಕೇಳಿ, ಜೋಳ ಬಿತ್ತುವ ಕಾಲ ಕೇಳಿ, ಧಾರವಾಡದ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ಕೇಳಿ. ಸರಿ ಹೇಳಿದರೆ ಬರೆದದ್ದನ್ನು ಹೊಡೆದುಹಾಕಿ, ಮನೆಗೆ ಕಳಿಸಿ. ಆಕೆಯನ್ನು ದೂರಕ್ಕೆ ಸಾಗಿಸಿದರೆ, "ನಾ ಯಾರಿಗೂ ಬ್ಯಾಡಾಗೇನಿ" ಎಂಬ ಮಾತನ್ನು ನೀವೇ ನಿಜ ಮಾಡಿದಂತಾಗುತ್ತದೆ. ಆಮೇಲೆ ಅದಕ್ಕೆ ಯಾವ ಗುಳಿಗೆ ಕೊಡುತ್ತೀರಿ?

ಇನ್ನೂ ಬರೆಯುವುದಿತ್ತು. ನಿಮ್ಮ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದೇನೆ, ಬೆಳಕು ಹೋಗುತ್ತಿದೆ, ಸಾಲು ಕಾಣುತ್ತಿಲ್ಲ. ಒಳಗೆ ಅಕ್ಕ ಚೀಲ ಕಟ್ಟಿಕೊಂಡು ಕೂತಿದ್ದಾಳೆ. ತಾನು ಎಲ್ಲಿಗೆ ಹೊರಟಿದ್ದೇನೆಂದು ಆಕೆಗೆ ಇನ್ನೂ ಯಾರೂ ಹೇಳಿಲ್ಲ.

ಇಂತಿ,
ನಿಮ್ಮ ಪರೀಕ್ಷೆಗೆ ಇನ್ನೂ ಕೂರದ ಕಾರಣ ಶಾಣ್ಯಾ ಎನಿಸಿಕೊಂಡಿರುವ
ವಿರೂಪಾಕ್ಷಯ್ಯ, ನೇಸರಗಿ