ಎರಡು ಕೆಂಪು ಸ್ಟೂಲುಗಳ ನಡುವೆ

ವಿಶ್ವವಿದ್ಯಾಲಯ, ಎರಡನೇ ಮಹಡಿ
ಮಾರ್ಚ್ 14, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕಾಲಿನ ಸೆಳೆತ ಕಡಿಮೆಯಾಯಿತೇ? ಹೊಸ ಔಷಧಿಯ ಪ್ರಯೋಗಕ್ಕೆಂದು ನೀನು ಆ ಆಸ್ಪತ್ರೆ ಸೇರಿ ಐದು ತಿಂಗಳಾಯಿತು. ಈ ಸಲದ ಕಾಗದದಲ್ಲಿ ಅಕ್ಷರಗಳು ಇನ್ನಷ್ಟು ಸೊಟ್ಟಗಿದ್ದವು. ಶಾಲೆಯಲ್ಲೂ ಹಾಗೇ ಗೀಚುತ್ತಿದ್ದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕಾರಿಡಾರಿನಲ್ಲಿ ಎರಡು ಕೆಂಪು ಸ್ಟೂಲುಗಳ ನಡುವೆ ಆರು ನಿಮಿಷ ನಡೆಸಿದರು, ಒಂಬತ್ತೇ ಸುತ್ತು ಆಯಿತು ಎಂದು ಬರೆದಿದ್ದೀಯ. ಮೊದಲ ವಾರ ಹದಿಮೂರು ಇತ್ತು. ‘ಇಲ್ಲಿ ಕುಂಟು ಸ್ಟೂಲಿಗೂ ಬ್ಯಾಂಡೇಜು ಸುತ್ತಿದ್ದಾರೆ ಅಕ್ಕಾ, ನಾನೇ ಪರವಾಗಿಲ್ಲ’ ಎಂದಿದ್ದನ್ನು ಓದಿ ನಕ್ಕೆ. ನಿನ್ನ ಮಗಳು ನನ್ನ ಹತ್ತಿರ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ನಿನಗೆ ತೋರಿಸಬೇಕೆಂದು ಡಬ್ಬಿಯಲ್ಲಿಟ್ಟುಕೊಂಡಿದ್ದಾಳೆ.

ನಮ್ಮಲ್ಲಿ ಗುರುವಾರದ ಕೂಟ ಶುರುವಾಗಿದೆ. ಬೇರೆ ಬೇರೆ ವಿಭಾಗದ ಸಂಶೋಧಕರು ಒಂದೇ ಕೋಣೆಯಲ್ಲಿ ಕೂತು, ಸದ್ಯ ಏನು ಮಾಡುತ್ತಿದ್ದೇವೆಂದು ಹತ್ತತ್ತು ನಿಮಿಷ ಹೇಳಬೇಕು. ಪಕ್ಕದವರಿಗೆ ಅರ್ಥವಾಗದ ಪದ ಬಾಯಿಗೆ ಬಂದರೆ ಮೇಜಿನ ಗಂಟೆ ಬಾರಿಸುತ್ತಾರೆ. ಮುಗಿಯದ ಕೆಲಸದ ಸುದ್ದಿ ಆ ಬಾಗಿಲು ದಾಟಬಾರದು, ಅದು ಇನ್ನೊಂದು ನಿಯಮ. ನಕ್ಷತ್ರದ ಮೇಷ್ಟ್ರಿಗೆ ನಿನ್ನೆ ಏಳು ಸಲ ಗಂಟೆ ಬಿತ್ತು! ನನ್ನದು ಅದೇ ಗ್ರಂಥಾಲಯದ ಗೋಡೆಯ ಪಾಚಿ. ಆರು ವರ್ಷ ಟೇಪು ಹಿಡಿದು ಕಾದು ನಾಲ್ಕು ಸೆಂಟಿಮೀಟರ್ ಸಂಪಾದಿಸಿದ್ದೇನೆ. ಬೆಟ್ಟ ಅಗೆದು ಇಲಿ ಹಿಡಿದಳು ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ.

ಕೊನೆಗೆ ಸಂಖ್ಯಾಶಾಸ್ತ್ರದವರು ಎದ್ದರು. ಪಾಪ, ಮೆತ್ತಗಿನ ಮನುಷ್ಯ. ಯಾವುದೋ ಔಷಧಿ ಪ್ರಯೋಗದ ಅಂಕಿಸಂಖ್ಯೆ ನೋಡುತ್ತಿದ್ದಾರಂತೆ. ರೋಗಿಗಳ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಪರದೆಯ ಮೇಲೆ ಎರಡು ಗೆರೆ, ಒಂದು ಫೋಟೋ, ಅಷ್ಟೇ. ಪೆದ್ದು ಪ್ರಶ್ನೆ ಕೇಳುವುದು ನನ್ನ ಹುಟ್ಟುಗುಣವಲ್ಲವೇ, ಕೇಳಿದೆ. ಅವರ ಉತ್ತರದಲ್ಲಿ ಗಂಟೆ ಬಾರಿಸುವಂಥ ಒಂದು ಪದವೂ ಇರಲಿಲ್ಲ. ಆಮೇಲೆ ಎಲ್ಲರೂ ಚಹಾ ಕುಡಿದೆವು.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆ ಸವರಿದ್ದೇನೆ ಎಂದುಕೋ.

ನಿನ್ನ
ಪಾಚಿ ಅಕ್ಕ

ತಾ.ಕ.: ಬರೆಯಬಾರದೆಂದಿದ್ದೆ, ಆಗುತ್ತಿಲ್ಲ. ಆ ಫೋಟೋದಲ್ಲಿ ಎರಡು ಕೆಂಪು ಸ್ಟೂಲುಗಳಿದ್ದವು. ಒಂದರ ಕಾಲಿಗೆ ಬ್ಯಾಂಡೇಜು. ಆ ಗೆರೆಗಳು ರೋಗಿಗಳು ನಡೆದ ಸುತ್ತುಗಳ ಲೆಕ್ಕ. ಯಾವ ಗೆರೆ ಔಷಧಿಯವರದು, ಯಾವುದು ಬರೀ ಹಿಟ್ಟಿನ ಗುಳಿಗೆಯವರದು ಎಂದು ಕೇಳಿದ್ದೆ. ‘ನೋಡಿ ಹೇಳೋಕಾಗಲ್ಲ ಮೇಡಂ, ಎರಡೂ ಒಂದೇ ಸಮ ಇಳೀತಿವೆ’ ಎಂದರು. ವರ್ಷ ತುಂಬುವವರೆಗೆ ಅಲ್ಲಿರುವ ನಿಮಗೆ ಯಾರೂ ಇದನ್ನು ಹೇಳುವುದಿಲ್ಲ. ‘ಬೇಡ ಅಕ್ಕಾ, ಮಗಳ ಹತ್ತಿರ ಇರ್ತೀನಿ’ ಎಂದವನನ್ನು ಹಟ ಹಿಡಿದು ಕಳಿಸಿದವಳು ನಾನೇ. ಬೇರೆ ಔಷಧಿಯೂ ಇಲ್ಲ ಕಣೋ, ಎಲ್ಲರನ್ನೂ ಕೇಳಿ ನೋಡಿದೆ. ಮುಂದಿನ ಶನಿವಾರ ಕರೆದೊಯ್ಯಲು ಬರುತ್ತೇನೆ, ಬಟ್ಟೆ ಕಟ್ಟಿಟ್ಟಿರು. ಬೆಳಿಗ್ಗೆ ನಮ್ಮ ಮನೆ ಗೇಟಿನಿಂದ ಮಗಳ ಕೋಣೆಯವರೆಗೆ ಟೇಪು ಹಿಡಿದು ಅಳೆದೆ. ನಿನ್ನ ಲೆಕ್ಕದಲ್ಲಿ ಒಂದು ಸುತ್ತೂ ಆಗುವುದಿಲ್ಲ. ನಡೆದೇ ಒಳಗೆ ಬರಬಹುದು, ಈಗ ಬಂದರೆ.