ಬ್ಯಾಡಗಿಯವರ ಬಾಯುರಿ ಮತ್ತು ಲೋಹದ ದವಡೆ

ಚಿಕಿತ್ಸಾ ಸಾಮಗ್ರಿಗಳ ಯಾದಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಬರುವ ತಿಂಗಳು ಕರೆವ್ವ ಎಂಬ ಹೆಣ್ಣುಮಗಳ ದವಡೆಗೆ ನಿಮ್ಮ ಸರ್ಕಾರಿ ಚಿಕಿತ್ಸಾ ಯೋಜನೆಯಲ್ಲಿ ಲೋಹದ ಪ್ಲೇಟು ಕೂರಿಸಿ, ಅದರ ಮೇಲೆ ಲೋಹದ ಕಂಬಿಯಿಟ್ಟು ಹಲ್ಲು ಕಟ್ಟಲಿದ್ದಾರೆ. ನನ್ನ ಹೆಂಡತಿ ಹಾಜಿರಾಬಿಗೂ ಅದನ್ನೇ ಮಾಡಿದ್ದರು. ಅವಳೀಗ ಇಲ್ಲ. ಕರೆವ್ವನಿಗೆ ಲೋಹ ಬೇಡ, ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಂಥ ಪಾಲಿಮರಿನದು ಕೊಡಿ ಎಂದು ಕೇಳಲು ಬರೆಯುತ್ತಿದ್ದೇನೆ. ನಾನು ಹತ್ತನೇ ಇಯತ್ತೆ ಓದಿದವನು, ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುತ್ತೇನೆ. ದಿನಚರಿ ಬರೆದು ರೂಢಿಯಿದೆ, ಅಧಿಕಾರಿಗಳಿಗೆ ಬರೆದು ಇಲ್ಲ. ಎರಡು ಸಾಲು ಬರೆದು ಎದ್ದು ಬಾಗಿಲ ತನಕ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಮಾತು ತುಂಡು ತುಂಡಾಗಿದ್ದರೆ ಮನ್ನಿಸಿ.

ಹಾಜಿರಾಬಿ ಮತ್ತು ಕರೆವ್ವ ಒಂದೇ ಗೋದಾಮಿನಲ್ಲಿ ಪಕ್ಕಪಕ್ಕ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದವರು. ಕರೆವ್ವ ಕದರಮಂಡಲಗಿಯಿಂದ ಬಸ್ಸಿಗೆ ಬರುತ್ತಾಳೆ. ಘಾಟಿಗೆ ಕೆಮ್ಮು ಬರಬಾರದೆಂದು ಇಬ್ಬರೂ ದವಡೆಯಲ್ಲಿ ಎಲೆ ತಂಬಾಕು ಇಟ್ಟುಕೊಳ್ಳುತ್ತಿದ್ದರು. ಮೊದಲು ಇವಳಿಗೆ, ಈಗ ಅವಳಿಗೆ, ಅದೇ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ. ಹಾಜಿರಾಬಿಯ ದವಡೆಯ ತುಂಡು ತೆಗೆದರು, ಕರೆವ್ವನದನ್ನು ಬರುವ ತಿಂಗಳು ತೆಗೆಯುತ್ತಾರೆ.

ಹಾಜಿರಾಬಿಯ ಆಪರೇಷನ್ನಿಗೆ ಮುಂಚೆ ರಾಣೇಬೆನ್ನೂರಿನ ಹಲ್ಲಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: “ಸಾಬರ, ಪೀಕ್ ಅಂತ ಒಂದು ಬಂದೈತಿ. ಹಗುರ, ಎಲುವಿನಂಗ ಚೂರು ಬಾಗತದ. ಮುಖ್ಯ ಅಂದ್ರ, ಮುಂದ ಸ್ಕ್ಯಾನ್ ಮಾಡಿದಾಗ ಅಡ್ಡ ಬರಂಗಿಲ್ಲ. ಲೋಹ ಆದ್ರ ಚಿತ್ರದಾಗ ಬೆಳ್ಳಗ ಝಳಪು ಹೊಡದು ಸುತ್ತಲಿಂದು ಮುಚ್ಚತದ.” ಅದರ ಕೊರತೆಯನ್ನೂ ಮುಚ್ಚಿಡಲಿಲ್ಲ. ಪೀಕ್‌ಗೆ ಮೂಳೆ ಬೇಗ ಅಂಟುವುದಿಲ್ಲವಂತೆ, ಟೈಟಾನಿಯಮ್ ಲೋಹದಷ್ಟು ವರ್ಷಗಳ ಅನುಭವವೂ ಇಲ್ಲವಂತೆ. ಮೂಳೆಯೊಳಗಿನ ಸಣ್ಣ ತಿರುಪು ಲೋಹದ್ದೇ ಇರಲಿ, ಮೇಲಿನ ಪ್ಲೇಟು, ಕಂಬಿಯಾದರೂ ಪೀಕ್‌ನದು ಆದರೆ ಒಳ್ಳೆಯದು ಎಂದರು.

ಹಾವೇರಿಯಲ್ಲಿ ನಿಮ್ಮ ಕಚೇರಿಗೆ ಬಂದು ಕೇಳಿದೆ. ಕುರ್ಚಿಯಲ್ಲಿದ್ದವರು ನನ್ನ ಮುಖ ನೋಡದೆ ಅಂದರು: “ಪ್ಲಾಸ್ಟಿಕ್ ಚಂದಕ್ಕ ಹಾಕಿಸ್ಕೊಳ್ಳೂದು. ಯಾದ್ಯಾಗ ಇಲ್ಲ. ಲೋಹ ಗಟ್ಟಿ ಇರತದ ಸಾಬರ, ನೂರು ವರ್ಷ ಬಾಳತದ.”

ಅವರು ಸುಳ್ಳು ಹೇಳಲಿಲ್ಲ. ನಮ್ಮ ಖಬರಸ್ತಾನದ ಮಣ್ಣಿನಲ್ಲಿ ಅದು ಈಗಲೂ ಗಟ್ಟಿಯಾಗಿಯೇ ಇದೆ.

ಐವತ್ತು ದಾಟಿದ, ಅರ್ಧ ದವಡೆ ಕಳೆದುಕೊಂಡ ಹೆಂಗಸು ಯಾವ ಚಂದಕ್ಕೆ ಹಲ್ಲು ಕೇಳುತ್ತಾಳೆ, ಮಾನ್ಯರೇ? ಯಾವ ಸ್ಪರ್ಧೆಗೆ?

ಇನ್ನು ನಡೆದದ್ದನ್ನು ಹೇಳುತ್ತೇನೆ. ಲೋಹ ಕೂರಿಸಿದ ಮೇಲೆ ತಪಾಸಣೆಗೆ ಹೋದಾಗಲೆಲ್ಲ ಆಸ್ಪತ್ರೆಯ ಡಾಕ್ಟರು, “ಬಾಯಾಗ ಉರೀತದೇನವ್ವಾ?” ಎಂದು ಕೇಳುತ್ತಿದ್ದರು. ಅವಳು ಇಲ್ಲ ಎನ್ನುತ್ತಿದ್ದಳು. ಹೊರಗೆ ಬಂದು ನನ್ನ ಮುಂದೆ ನಗುತ್ತಿದ್ದಳು: “ಬ್ಯಾಡಗಿಯಾಕೀನ್ನ ಉರೀತದೇನು ಅಂತ ಕೇಳ್ತಾರಲ್ರೀ! ಉರಿ ನನಗ ಹೊಸದೇನು? ನಿಮ್ಮ ಜೋಡಿ ಸಂಸಾರ ಮಾಡೇನಿ.” ನಾನೂ ನಕ್ಕೆ. ನಮ್ಮ ಕಾಯಿಗೆ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಆದರೂ ಬೆಳಗಿನಿಂದ ತೊಟ್ಟು ಬಿಡಿಸುವವರಿಗೆ ಬೆರಳು, ತುಟಿ, ಕಣ್ಣು ಎಲ್ಲ ಉರಿಯುತ್ತಲೇ ಇರುತ್ತವೆ. ಅದನ್ನು ಯಾರೂ ಉರಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ದವಡೆ ಕತ್ತರಿಸಿದ ಮೇಲೂ ಅವಳು ಗೋದಾಮಿಗೆ ಹೋಗುವುದು ಬಿಟ್ಟಿರಲಿಲ್ಲ. ಕಂಬಿಯ ಕೆಳಗೆ ಗಡ್ಡೆ ಮತ್ತೆ ಹುಟ್ಟಿ ಸುಡುತ್ತಿದ್ದಾಗ, ಕೈ ಸರಿಯಾಗಿ ತೊಳೆಯದೆ ರೊಟ್ಟಿ ಮುರಿದದ್ದಕ್ಕೆ ಹೀಗಾಯಿತೆಂದು ಬಾಯಿಗೆ ತುಪ್ಪ ಸವರಿಕೊಂಡಳು.

ಸ್ಕ್ಯಾನ್ ಮಾಡಿಸಿದ್ದೆವು. ಚಿತ್ರದಲ್ಲಿ ದವಡೆಯ ಜಾಗದಲ್ಲಿ ಬಿಳಿ ಗೆರೆಗಳು, ಮೋಟಾರಿನ ದೀಪ ಕಣ್ಣಿಗೆ ಹೊಡೆದಂತೆ. “ಇಲ್ಲಿ ಏನೂ ತಿಳಿಯಂಗಿಲ್ರಿ. ಉರಿ ಇಲ್ಲ ಅಂತಾರಲ್ಲ, ನೋಡೂಣು,” ಎಂದರು ಡಾಕ್ಟರು. ಗಡ್ಡೆ ಕೊರಳಿಗೆ ಇಳಿದ ಮೇಲೆ ಕಂಡಿತು, ಅಲ್ಲಿ ಲೋಹವಿರಲಿಲ್ಲ.

ಪೀಕ್ ಇದ್ದಿದ್ದರೆ ಅವಳು ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಯಾರೂ ಹೇಳಲಾರರು. ಬೇಗ ಕಾಣುತ್ತಿತ್ತೋ ಏನೋ, ಅಷ್ಟೇ. ಆ ‘ಏನೋ’ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ನಮ್ಮ ಪೇಟೆಯ ಹೆಂಗಸರ ಬಾಯಿಮಾತು ನಂಬಿ ರೋಗ ಹಿಡಿಯಲು ಆಗುವುದಿಲ್ಲ. ಅವರಿಗೆ ಯಂತ್ರದ ಕಣ್ಣೇ ಗತಿ. ಆ ಕಣ್ಣಿಗೂ ನಿಮ್ಮ ಯಾದಿ ಬಟ್ಟೆ ಕಟ್ಟಿದರೆ ಅವರಿಗೆ ಇನ್ನೇನು ಉಳಿಯಿತು?

ಮೊನ್ನೆ ಕರೆವ್ವ ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತಳು. “ಅಣ್ಣಾರ, ಹಾಜಿರಾನ ಬಾಯಾಗ ಇಟ್ಟಿದ್ದನ್ನ ನನಗೂ ಇಡತಾರಂತಲ್ರೀ,” ಎಂದಳು. ನಾನು ಆ ಮಾತು ಬಿಟ್ಟು, “ಬಾಯಿ ಉರೀತದೇನವಾ?” ಎಂದು ಕೇಳಿದೆ.

“ಏನಿಲ್ರೀ. ದಿನಾ ಇದ್ದಂಗ ಐತಿ.”

ಮಾನ್ಯರೇ, ಈ ಉತ್ತರವನ್ನು ನಂಬಬೇಡಿ. ಕರೆವ್ವನ ಆಪರೇಷನ್ನಿಗೆ ಮುಂಚೆ ನಿಮ್ಮ ಯಾದಿಯಲ್ಲಿ ಪೀಕ್ ಸೇರಿಸಿ, ಯಾರಿಗೆ ಯಾವುದು ಸರಿ ಎಂಬುದನ್ನು ಡಾಕ್ಟರಿಗೆ ಬಿಡಿ. ಆಗದಿದ್ದರೆ ಏಕೆ ಆಗದು ಎಂದು ನೀವೇ ಕದರಮಂಡಲಗಿಗೆ ಬಂದು ಅವಳ ಮುಖ ನೋಡಿ ಹೇಳಿ. ನನ್ನಿಂದ ಅದು ಆಗಲಿಲ್ಲ.

ಇಂತಿ,
ಉರಿಯನ್ನು ಉರಿ ಎನ್ನಲು ತಡವಾಗಿ ಕಲಿತ
ಬುಡನಸಾಬ, ಹಾಜಿರಾಬಿಯ ಗಂಡ
ಬ್ಯಾಡಗಿ